ಕತ್ತರಿಸುವ ಮುನ್ನ ತೂತು ಎಣಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 'ಜೀರೋ ಪಿಸಿಬಿ' ಎಂದು ಕೇಳಿದರೆ ಮೈತುಂಬ ತೂತಿರುವ ತೆಳ್ಳನೆಯ ಹಲಗೆ ಕೈಗೆ ಬರುತ್ತದೆ. ಡಾಟ್ ಬೋರ್ಡ್ ಎನ್ನುವವರೂ ಇದ್ದಾರೆ. ತೂತಿನಿಂದ ತೂತಿಗೆ 2.54 ಮಿ.ಮೀ., ಅಂದರೆ ಇಂಚಿನ ಹತ್ತನೆಯ ಒಂದು ಭಾಗ. ಸಾಮಾನ್ಯ ಡಿಐಪಿ ಐಸಿಗಳ ಕಾಲುಗಳ ನಡುವೆಯೂ ಇಷ್ಟೇ ಅಂತರ. ಹಾಗಾಗಿ 555 ಟೈಮರ್ ಇದರ ಮೇಲೆ ಸಲೀಸಾಗಿ ಕೂರುತ್ತದೆ. ಆದರೆ ಸರ್ಕ್ಯೂಟಿಗೆ ಬೇಕಿರುವುದು ಬೆಂಕಿಪೊಟ್ಟಣದಷ್ಟು ಜಾಗ, ತಂದ ಬೋರ್ಡು ಅಂಗೈಯಗಲ.

ಬೇಕಾದಷ್ಟು ತುಂಡು ಕತ್ತರಿಸಲು ಬೋರ್ಡನ್ನು ಸ್ಕೇಲಿಟ್ಟು ಅಳೆಯುವುದಕ್ಕಿಂತ ತೂತು ಎಣಿಸಿ ಅಳೆಯುವುದು ಒಳ್ಳೆಯದು. ಯಾವ ಸಾಲಿನ ಮೇಲೆ ಮುರಿಯುತ್ತೇವೋ ಆ ಸಾಲು ನಮಗೆ ದಕ್ಕುವುದಿಲ್ಲ. ಸರ್ಕ್ಯೂಟನ್ನು ಕೂರಿಸುವ ಡಬ್ಬಿಯ ಒಳ ಅಗಲ 40 ಮಿ.ಮೀ. ಎಂದುಕೊಳ್ಳಿ. 14 ಸಾಲು ಉಳಿಸಿ, ಆಚೀಚೆಯ ಒಂದೊಂದು ಸಾಲಿನ ನಟ್ಟನಡುವೆ ಮುರಿದರೆ ತುಂಡಿನ ಅಗಲ 38.1 ಮಿ.ಮೀ. 15 ಸಾಲಿನ ಆಸೆಪಟ್ಟರೆ ಅದು 40.64 ಆಗಿ ಡಬ್ಬಿಗೆ ಇಳಿಯುವುದಿಲ್ಲ.

ಕಂದು ಬಣ್ಣದ ಬೋರ್ಡು ಕಾಗದ ಮತ್ತು ಫೀನಾಲಿಕ್ ರಾಳದ್ದು, ಬಿರುಸು. ಕತ್ತರಿ ಹಾಕಿದರೆ ಬಿರುಕು ಎತ್ತಲೋ ಓಡುತ್ತದೆ. ಇದಕ್ಕೆ ಗೀರಿ ಮುರಿಯುವುದೇ ಸರಿಯಾದ ದಾರಿ ಎಂಬುದು ನನ್ನ ಅನುಭವ. ತೂತಿನ ಸಾಲಿನ ಮೇಲೆ ಉಕ್ಕಿನ ಸ್ಕೇಲನ್ನು ಬಿಗಿಹಿಡಿದು, ಕಟರ್ ಚಾಕುವಿನಿಂದ ಐದಾರು ಸಲ ಗೀರಿ. ಬೆರಳು ಚಾಕುವಿನ ಹಾದಿಯಲ್ಲಿ ಇರಬಾರದು. ಬೋರ್ಡನ್ನು ಮಗುಚಿ ಅದೇ ಸಾಲಿನಲ್ಲಿ ಮತ್ತೆ ಗೀರಿ. ಪ್ರತಿ 2.54 ಮಿ.ಮೀ.ಗೆ ಸುಮಾರು 1 ಮಿ.ಮೀ. ಆಗಲೇ ತೂತಾಗಿ ಹೋಗಿರುತ್ತದೆ. ಇಡೀ ಹಲಗೆಯಲ್ಲಿ ಬಲ ಕಡಿಮೆ ಇರುವುದು ಅಲ್ಲೇ. ಗೀರನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಹೊರಗಿನ ಭಾಗವನ್ನು ಉದ್ದಕ್ಕೂ ಒಂದೇ ಸಮನೆ ಅದುಮಿದರೆ ಟಕ್ಕನೆ ಬೇರೆಯಾಗುತ್ತದೆ. ಹಲ್ಲುಹಲ್ಲಾದ ಅಂಚನ್ನು ಉಪ್ಪುಕಾಗದಕ್ಕೆ ತಿಕ್ಕಿ.

ಹಸಿರು ಬೋರ್ಡು ಗಾಜಿನ ನಾರು ಮತ್ತು ಎಪಾಕ್ಸಿಯದು. ಸುಲಭವಾಗಿ ಮುರಿಯುವ ಜಾತಿಯಲ್ಲ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬೇಕು. ಇದರ ಧೂಳಿನಲ್ಲಿ ಗಾಜಿನ ಎಳೆಗಳಿರುತ್ತವೆ, ಚರ್ಮಕ್ಕೆ ತಗುಲಿದರೆ ನವೆ, ಉಸಿರಿನೊಳಗೆ ಹೋಗಲೇಬಾರದು. ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ, ಅಂಚನ್ನು ನೀರು ತಾಗಿಸಿ ತಿಕ್ಕಿ, ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳು ಜೊತೆಗಿದ್ದರೆ ಈ ಕೆಲಸ ದೊಡ್ಡವರದು.

ಬೆಸುಗೆ ಹಾಕಿದ ಮೇಲೆ ಕತ್ತರಿಸಲು ಹೋಗಬೇಡಿ. ಬೋರ್ಡು ಬಾಗಿದಾಗ ಬೆಸುಗೆ ಕಣ್ಣಿಗೆ ಕಾಣದಂತೆ ಸೀಳಬಹುದು. ಮುಂದೆ ದೀಪ ಒಮ್ಮೆ ಉರಿದು ಒಮ್ಮೆ ಆರುತ್ತಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಬಹಳ ಕಷ್ಟ.

ತಾಮ್ರದ ಪಟ್ಟಿಗಳಿರುವ ವೆರೋಬೋರ್ಡ್ ಆದರೆ ಪಟ್ಟಿಗಳು ಯಾವ ದಿಕ್ಕಿಗೆ ಓಡಬೇಕೆಂದು ಮೊದಲೇ ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಕತ್ತರಿಸಿದ ಅಂಚಿನಲ್ಲಿ ತಾಮ್ರದ ಕೂದಲೆಳೆಯೊಂದು ಪಕ್ಕದ ಪಟ್ಟಿಗೆ ತಾಗಿಕೊಂಡಿರಬಹುದು. ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ, ಅಕ್ಕಪಕ್ಕದ ಪಟ್ಟಿಗಳನ್ನು ಜೋಡಿಜೋಡಿಯಾಗಿ ಮುಟ್ಟುತ್ತಾ ಹೋಗಿ. ಎಲ್ಲಾದರೂ ಸದ್ದು ಬಂದರೆ ಚಾಕುವಿನ ಮೊನೆಯನ್ನು ಆ ಎರಡು ಪಟ್ಟಿಗಳ ನಡುವೆ ಒಮ್ಮೆ ಎಳೆದು, ಮತ್ತೆ ಮುಟ್ಟಿ ನೋಡಿ.