‘ಕಳವು’ ಎಂಬ ಮಾತಿನ ಅರ್ಥವ್ಯಾಪ್ತಿ

ಕನ್ನಡದಲ್ಲಿ ಕಳವನ್ನು ಸೂಚಿಸುವ ಶಬ್ದಗಳು ಹಲವಿವೆ. ಕಳವು, ಸೂರೆ, ಸುಲಿಗೆ, ಚೌರ್ಯ, ಅಪಹರಣ, ಲೂಟಿ, ದರೋಡೆ ಇವೆಲ್ಲ ಮೇಲ್ನೋಟಕ್ಕೆ ಸಮಾನಾರ್ಥಕಗಳೆಂದು ತೋರಿದರೂ, ವಿಚಾರಿಸಿ ನೋಡಿದರೆ ಹಾಗಿಲ್ಲ.

ಕಳವು, ಕಳ್ಳ ಎಂಬ ಶಬ್ದಗಳಿಗೆ ಮೂಲ ‘ಕಳ್’ ಎಂಬ ಧಾತು. ಇದೇ ಮೂಲದ ‘ಕಳ್ಳಂ’ ಎಂಬುದು ತಮಿಳಿನಲ್ಲಿ ವಂಚನೆಯನ್ನೂ, ‘ಕಲ್ಲ’ ಎಂಬುದು ತೆಲುಗಿನಲ್ಲಿ ಸುಳ್ಳನ್ನೂ ಹೇಳುತ್ತದೆ. ಆದುದರಿಂದ ಈ ಧಾತುವಿನ ಜೀವವು ಪರರ ವಸ್ತುವನ್ನು ಒಯ್ಯುವುದರಲ್ಲಿ ಮಾತ್ರವಲ್ಲ, ಮರೆಮಾಚುವುದರಲ್ಲಿಯೂ ಇದೆ. ಕಳ್ಳನೋಟದಿಂದ, ಕಳ್ಳಹೆಜ್ಜೆಯಿಂದ ಯಾರ ಸೊತ್ತೂ ಹೋಗುವುದಿಲ್ಲ; ‘ಕದ್ದು ಕೇಳಿದ’, ‘ಕದ್ದುಮುಚ್ಚಿ ಮಾಡಿದ’ ಎಂಬಲ್ಲಿಯೂ ಅಷ್ಟೆ. ಬಹಿರಂಗವಾಗಿ ಬಲಾತ್ಕಾರದಿಂದ ದೋಚಿದಾಗ ಊರು ಸೂರೆಯಾಯಿತೆನ್ನುತ್ತೇವೆಯೇ ಹೊರತು ಕಳವಾಯಿತೆನ್ನುವುದಿಲ್ಲ.

‘ಮೈಗಳ್ಳ’ ಎಂಬ ಸಮಾಸವು ಗಮನಾರ್ಹ. ಇಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿದೆ. ದುಡಿಯಬಲ್ಲ ಮೈಯನ್ನು ದುಡಿಮೆಯಿಂದ ಮರೆಸುವವನೇ ಮೈಗಳ್ಳ. ಕಾಯಕವನ್ನು ವ್ರತವಾಗಿ ಕಂಡ ಶರಣರ ದೃಷ್ಟಿಗೆ ಈ ಮಾತು ಎಷ್ಟು ಹತ್ತಿರವೆಂಬುದನ್ನು ವಾಚಕರು ಊಹಿಸಬಹುದು. ಬಸವಣ್ಣನವರು ಪ್ರಸಿದ್ಧವಾದೊಂದು ವಚನದಲ್ಲಿ ನಿಷೇಧಗಳನ್ನು ಎಣಿಸುವಾಗ ಕೊಲೆಗಿಂತಲೂ, ಹುಸಿಗಿಂತಲೂ ಮೊದಲು ಕಳವನ್ನೇ ಹೇಳಿದ್ದಾರೆ. ಅಲ್ಲಿ ಅವರು ಬಳಸಿರುವುದು ಈ ‘ಕಳ್’ ಧಾತುವನ್ನೇ.

ಕಳ್ಳನು ಗೋಡೆಯಲ್ಲಿ ಕೊರೆಯುವ ಕಂಡಿಗೆ ‘ಕನ್ನ’ವೆಂದು ಹೆಸರು. ಕನ್ನ ಹಾಕು, ಕನ್ನಗಳವು ಎಂಬ ಪ್ರಯೋಗಗಳು ಇದರಿಂದ ಬಂದವು. 12ನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆ ಎಂಬವರಿದ್ದಾರೆ. ಪೂರ್ವದಲ್ಲಿ ಕನ್ನಗಳವು ಇವರ ವೃತ್ತಿಯಾಗಿತ್ತೆಂಬುದು ಪರಂಪರೆಯ ಮಾತು. ಅವರು ಶರಣರಾದ ಮೇಲೆಯೂ ಆ ಶಬ್ದವು ಹೆಸರಿನಿಂದ ಅಳಿಯಲಿಲ್ಲ. ಅಳಿದುದು ಅದಕ್ಕಂಟಿದ್ದ ಕಳಂಕ ಮಾತ್ರ.

ಎಲ್ಲರ ಪಾಲಿಗೂ ಹೀಗಾಗುವುದಿಲ್ಲ. ಅಧ್ಯಾಪಕನಾಗಿದ್ದಾಗ ಒಮ್ಮೆ, ಕಾಣದಾದ ಪುಸ್ತಕವೊಂದರ ನಿಮಿತ್ತ ಒಬ್ಬ ಹುಡುಗನನ್ನು ತರಗತಿಯ ಎದುರಿಗೆ ‘ಕಳ್ಳ’ ಎಂದುಬಿಟ್ಟೆನು. ಪುಸ್ತಕವು ಮರುದಿನ ನನ್ನ ಮೇಜಿನ ಖಾನೆಯಲ್ಲಿಯೇ ದೊರೆಯಿತು. ತರಗತಿಯ ಎದುರಿಗೇ ತಪ್ಪೊಪ್ಪಿಕೊಂಡೆನು. ಆದರೂ ಅವನು ಶಾಲೆ ಬಿಡುವವರೆಗೆ ಜೊತೆಯ ಹುಡುಗರು ಅವನನ್ನು ಆ ಹೆಸರಿನಿಂದಲೇ ಕರೆದರು. ‘ಕಳವು’ ಕೃತ್ಯವನ್ನು ಹೇಳುತ್ತದೆ, ‘ಕಳ್ಳ’ ಎಂಬುದು ಮನುಷ್ಯನನ್ನೇ ಹೇಳುತ್ತದೆ. ವ್ಯಾಕರಣದಲ್ಲಿ ಇದು ಪ್ರತ್ಯಯಮಾತ್ರದ ಭೇದ. ಅದರ ಭಾರವೆಷ್ಟೆಂಬುದನ್ನು ನಾನು ಆ ಹುಡುಗನ ಮುಖದಲ್ಲಿ ಕಂಡೆನು.