ಹಸಿವಿಗೆ ‘ಸಾಕು’ ಹೇಳುವ ಹಾರ್ಮೋನು

ದಪ್ಪಗಿರುವ ಮಗುವನ್ನು ಕಂಡರೆ ನಮ್ಮ ನಾಲಗೆ ಸುಮ್ಮನಿರುವುದಿಲ್ಲ. “ಇವನಿಗೆ ಏನು ಹಾಕಿ ಬೆಳೆಸುತ್ತೀರಿ?” ಎಂದು ತಾಯಿಯನ್ನು ಕೇಳುತ್ತೇವೆ. “ಬಾಯಿಗೆ ಸ್ವಲ್ಪ ಕಡಿವಾಣ ಹಾಕು” ಎಂದು ಮಗುವಿಗೆ ಬುದ್ಧಿ ಹೇಳುತ್ತೇವೆ. ಹೆಚ್ಚಿನ ಮಕ್ಕಳ ಮಟ್ಟಿಗೆ ಬೇಕರಿ ತಿಂಡಿ, ಸಿಹಿ ಪಾನೀಯ, ಆಟವಿಲ್ಲದ ಸಂಜೆಗಳು ಬೊಜ್ಜಿಗೆ ಕಾರಣವೆಂಬುದು ನಿಜವೇ. ಆದರೆ ತೀರಾ ಅಪರೂಪವಾಗಿ, ಎಷ್ಟು ಉಂಡರೂ ಹಸಿವು ಇಂಗದ ಮಕ್ಕಳೂ ಹುಟ್ಟುತ್ತಾರೆ. ಅಲ್ಲಿ ತಪ್ಪು ಮಗುವಿನದಲ್ಲ, ತಾಯಿಯ ಅಡುಗೆಯದೂ ಅಲ್ಲ. ದೇಹದಲ್ಲಿ ತಯಾರಾಗಬೇಕಾದ ಒಂದು ಪ್ರೊಟೀನು ತಯಾರಾಗಿಲ್ಲ, ಅಷ್ಟೆ.

ಒಂದೇ ಬಟ್ಟೆ, ಹಲವು ಅಂಗಿ

ನಮ್ಮ ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ಅದಕ್ಕೆ ಅಂಟಿಕೊಂಡಂತೆ ಮೇಲಿರುವ ಮೆದುಳಿನ ಭಾಗಕ್ಕೆ ಹೈಪೋಥಲಾಮಸ್ ಎಂದು ಹೆಸರು. ಇವೆರಡೂ ತಯಾರಿಸುವ ಒಂದು ಪ್ರೊಟೀನಿನ ಹೆಸರು ಸ್ವಲ್ಪ ಉದ್ದ: ಪ್ರೊ-ಓಪಿಯೋ-ಮೆಲನೋ-ಕಾರ್ಟಿನ್. ಚಿಕ್ಕದಾಗಿ ಪಿಓಎಂಸಿ ಎನ್ನುತ್ತಾರೆ.

ಕ್ರಿಸ್ಮಸ್ ಹಬ್ಬಕ್ಕೆ ಒಂದೇ ಬಟ್ಟೆ ತಂದು ಮನೆಯ ಮಕ್ಕಳಿಗೆಲ್ಲ ಅದರಲ್ಲೇ ಹೊಲಿಸುವುದುಂಟಷ್ಟೆ? ಪಿಓಎಂಸಿ ಕೂಡ ಹಾಗೆಯೇ. 241 ಅಮೈನೋ ಆಮ್ಲಗಳ ಈ ಸರಪಳಿ ಸ್ವತಃ ಹಾರ್ಮೋನಲ್ಲ. ಕತ್ತರಿಯಂತೆ ಕೆಲಸ ಮಾಡುವ ಕಿಣ್ವಗಳು ಇದನ್ನು ಕತ್ತರಿಸಿದಾಗ ಹಲವು ಹಾರ್ಮೋನುಗಳು ಸಿಗುತ್ತವೆ. 39 ಅಮೈನೋ ಆಮ್ಲಗಳ ಒಂದು ತುಂಡು ಎಸಿಟಿಎಚ್. ಇದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಕಾರ್ಟಿಸೋಲ್ ಸ್ರವಿಸಲು ಅಪ್ಪಣೆ ಕೊಡುತ್ತದೆ. ಅದೇ ಎಸಿಟಿಎಚ್‌ನ ಮೊದಲ 13 ಅಮೈನೋ ಆಮ್ಲಗಳು ಬೇರೆಯಾದರೆ ಆಲ್ಫಾ-ಎಂಎಸ್‌ಎಚ್ ಆಗುತ್ತದೆ. ಇದು ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುತ್ತದೆ, ಮೆದುಳಿನಲ್ಲಿ ಹಸಿವನ್ನು ತಣಿಸುತ್ತದೆ. ಇನ್ನೊಂದು ತುಂಡು ಬೀಟಾ-ಎಂಡಾರ್ಫಿನ್, ದೇಹವೇ ತಯಾರಿಸುವ ನೋವುನಿವಾರಕ.

ಈ ತುಂಡುಗಳ ಸಂಬಂಧ ಒಂದೇ ದಿನದಲ್ಲಿ ತಿಳಿದದ್ದಲ್ಲ. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ವಿಜ್ಞಾನಿ ಚೋ ಹಾವೊ ಲೀ 1976ರಲ್ಲಿ ಒಂಟೆಗಳ ಪಿಟ್ಯುಟರಿ ಗ್ರಂಥಿಯಿಂದ ಬೀಟಾ-ಎಂಡಾರ್ಫಿನನ್ನು ಬೇರ್ಪಡಿಸಿದರು. 1979ರಲ್ಲಿ ಜಪಾನಿನ ನಕಾನಿಶಿ, ನುಮಾ ಮತ್ತು ಸಂಗಡಿಗರು ದನದ ಪಿಟ್ಯುಟರಿಯಲ್ಲಿ ಈ ಪ್ರೊಟೀನಿನ ಸಂಕೇತವನ್ನು ಓದಿ, ಎಲ್ಲ ತುಂಡುಗಳೂ ಒಂದೇ ಸರಪಳಿಯವು ಎಂದು ತೋರಿಸಿಕೊಟ್ಟರು.

ಹಸಿವು ಇಂಗದ ಮಕ್ಕಳು

1998ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಹೈಕೋ ಕ್ರೂಡೆ ಮತ್ತು ಜೊತೆಗಾರ ವೈದ್ಯರು ಇಬ್ಬರು ಮಕ್ಕಳ ವಿಷಯವನ್ನು ಪ್ರಕಟಿಸಿದರು. ಇಬ್ಬರಿಗೂ ಎಳವೆಯಿಂದಲೇ ವಿಪರೀತ ಹಸಿವು ಮತ್ತು ಬೊಜ್ಜು, ಕೂದಲು ಕೆಂಪು, ದೇಹದಲ್ಲಿ ಕಾರ್ಟಿಸೋಲ್ ಕೊರತೆ. ಮೇಲ್ನೋಟಕ್ಕೆ ಈ ಮೂರಕ್ಕೂ ಸಂಬಂಧವೇ ಇಲ್ಲ. ಆದರೆ ಬಟ್ಟೆಯೇ ಇಲ್ಲದಿದ್ದರೆ ಯಾವ ಅಂಗಿಯೂ ಆಗದು! ಪಿಓಎಂಸಿ ತಯಾರಿಸುವ ಜೀನ್ ಕೆಟ್ಟಿದ್ದರಿಂದ ಮೂರು ಕೆಲಸಗಳೂ ಒಟ್ಟಿಗೆ ನಿಂತುಹೋಗಿದ್ದವು. ಕಪ್ಪು ಕೂದಲಿನ ಜನಾಂಗಗಳಲ್ಲಿ ಕೂದಲು ಕೆಂಪಾಗಲೇಬೇಕೆಂದಿಲ್ಲ. ಆದ್ದರಿಂದ ಕೂದಲಿನ ಬಣ್ಣ ನೋಡಿ ರೋಗ ಇಲ್ಲವೆಂದು ತೀರ್ಮಾನಿಸುವಂತಿಲ್ಲ.

ಇಂಥ ಕೂಸಿಗೆ ಮೊದಲ ಅಪಾಯ ಬೊಜ್ಜಿನಿಂದಲ್ಲ, ಕಾರ್ಟಿಸೋಲ್ ಕೊರತೆಯಿಂದ. ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು. ಹೈಡ್ರೋಕಾರ್ಟಿಸೋನ್ ಕೊಟ್ಟು ಮಗುವನ್ನು ಉಳಿಸಿಕೊಳ್ಳಬಹುದು. ಆದರೆ ಹಸಿವಿಗೆ ಮಾತ್ರ ಬಹುಕಾಲ ಮದ್ದಿರಲಿಲ್ಲ. ಅಡುಗೆಮನೆಗೆ ಬೀಗ ಹಾಕುವುದೊಂದೇ ಪೋಷಕರಿಗೆ ಉಳಿದ ದಾರಿಯಾಗಿತ್ತು.

ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ಈ ರೋಗ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಅಂಥ ದಂಪತಿಗಳಿಗೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಜೀನ್‌ಗಳು ಜೊತೆಗೂಡುವ ಸಂಭವ ಹೆಚ್ಚು.

ಬೀಗಕ್ಕೆ ಹೊಸ ಕೀಲಿಕೈ

ಉಂಡಮೇಲೆ ‘ಸಾಕು’ ಎನಿಸುವುದು ಹೇಗೆ? ಆಲ್ಫಾ-ಎಂಎಸ್‌ಎಚ್ ಕೀಲಿಕೈಯಂತೆ ಹೋಗಿ ಮೆದುಳಿನ ಎಂಸಿ4 ಎಂಬ ಬೀಗಕ್ಕೆ ಹೊಂದಿಕೊಳ್ಳುತ್ತದೆ. ಬೀಗ ತೆರೆದರೆ ಹಸಿವು ತಣಿಯುತ್ತದೆ. ಈ ಮಕ್ಕಳಲ್ಲಿ ಬೀಗ ಸರಿಯಾಗಿದೆ, ಕೀಲಿಕೈ ಮಾತ್ರ ಇಲ್ಲ. ಹಾಗಾದರೆ ಕೀಲಿಕೈಯನ್ನು ಹೊರಗಿನಿಂದ ಕೊಟ್ಟರಾಗದೇ?

ಹೀಗೆ ತಯಾರಾದ ಮದ್ದೇ ಸೆಟ್‌ಮೆಲನೋಟೈಡ್. ದಿನಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದು. 2016ರಲ್ಲಿ ಬರ್ಲಿನ್‌ನ ವೈದ್ಯರು ಇದನ್ನು ಪಿಓಎಂಸಿ ಕೊರತೆಯ ಇಬ್ಬರಿಗೆ ಕೊಟ್ಟ ಫಲವನ್ನು ಪ್ರಕಟಿಸಿದರು. ಒಬ್ಬರು 42 ವಾರಗಳಲ್ಲಿ 51 ಕಿಲೋ, ಇನ್ನೊಬ್ಬರು 12 ವಾರಗಳಲ್ಲಿ 20.5 ಕಿಲೋ ಇಳಿದಿದ್ದರು. ಮುಂದೆ 10 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಸುಮಾರು ಒಂದು ವರ್ಷದಲ್ಲಿ 8 ಮಂದಿ ತಮ್ಮ ತೂಕದ ಹತ್ತನೇ ಒಂದು ಪಾಲನ್ನಾದರೂ ಕಳೆದುಕೊಂಡರು. 2020ರ ನವೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು.

ಮದ್ದು ತೆಗೆದುಕೊಂಡವರ ಚರ್ಮ ಕಪ್ಪಾಗುವುದುಂಟು. ಬಣ್ಣದ ಬೀಗಕ್ಕೂ ಈ ಕೀಲಿಕೈ ಹೊಂದುತ್ತದೆಯಾದ್ದರಿಂದ ಇದು ಸಹಜವೇ. ಮದ್ದು ನಿಲ್ಲಿಸಿದರೆ ಹಸಿವು ಮರಳುತ್ತದೆ. ಬೆಲೆಯೂ ಬಹಳ ದುಬಾರಿ. ತಿಂದು ಬೆಳೆಸಿಕೊಂಡ ಸಾಮಾನ್ಯ ಬೊಜ್ಜಿಗೆ ಇದು ಮದ್ದಲ್ಲವೆಂಬುದನ್ನೂ ನೆನಪಿಡಬೇಕು.

ಈ ಹಸಿವು ಮನುಷ್ಯರಿಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ಲ್ಯಾಬ್ರಡಾರ್ ನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಓಎಂಸಿ ಜೀನಿನಲ್ಲಿ ದೋಷವಿದೆಯೆಂದು ಕೇಂಬ್ರಿಡ್ಜ್ ಸಂಶೋಧಕರು 2016ರಲ್ಲಿ ತಿಳಿಸಿದರು. ಊಟದ ಮೇಜಿನ ಬಳಿ ಬಾಲ ಅಲ್ಲಾಡಿಸುತ್ತಾ ನಿಲ್ಲುವ ಆ ಮೂಕಪ್ರಾಣಿಯನ್ನು ಯಾರು ತಾನೇ ದುರಾಸೆಯವನೆಂದು ದೂರಿಯಾರು?

ಮನೆಮಂದಿ ತಿಳಿದಿರಬೇಕಾದದ್ದು

ಅಸ್ತಮಾ, ಸಂಧಿವಾತಗಳಿಗೆ ಬಹುಕಾಲ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೂ ಈ ಪಾಠ ಅನ್ವಯಿಸುತ್ತದೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿಯು ಎಸಿಟಿಎಚ್ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಅಡ್ರಿನಲ್ ಗ್ರಂಥಿ ಸೊರಗುತ್ತದೆ. ‘ಗುಣವಾಯಿತು’ ಎಂದು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡ ಕುಸಿತ ಉಂಟಾಗಬಹುದು. ಅಂಥ ಮಾತ್ರೆಯನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಬಿಡಬೇಕು.

ಇನ್ನು ಮಕ್ಕಳ ವಿಷಯ. ಹುಟ್ಟಿದ ಮೊದಲ ತಿಂಗಳುಗಳಿಂದಲೇ ತೂಕ ಏರುತ್ತಾ ಹೋಗುವ, ಉಂಡ ತಕ್ಷಣ ಮತ್ತೆ ಊಟಕ್ಕೆ ಅಳುವ, ರಾತ್ರಿ ಎದ್ದು ಆಹಾರ ಹುಡುಕುವ ಮಗುವನ್ನು ಗದರಿಸಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಹಾರ್ಮೋನು ತಜ್ಞರ ಬಳಿಗೆ ಅವರೇ ಕಳಿಸುತ್ತಾರೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಲ್ಲಿ ಇಂಥ ಜೀನ್ ದೋಷ ಸಿಗುವುದಿಲ್ಲ. ಆಗ ಊಟ, ಆಟ, ನಿದ್ದೆಗಳನ್ನು ಇಡೀ ಮನೆಯೇ ಸೇರಿ ಸರಿಪಡಿಸಿಕೊಳ್ಳಬೇಕು. ದಪ್ಪ ಮಗುವೊಂದಕ್ಕೇ ಪಥ್ಯ, ಉಳಿದವರಿಗೆ ಹಬ್ಬ ಎಂದಾಗಬಾರದು.

ಕಾರಣ ಯಾವುದೇ ಇರಲಿ, ಹಂಗಿಸುವುದರಿಂದ ಯಾವ ಮಗುವಿನ ತೂಕವೂ ಇಳಿದದ್ದಿಲ್ಲ. ಮುಂದಿನ ಸಲ ಮದುವೆಯ ಪಂಕ್ತಿಯಲ್ಲಿ ಅಂಥ ಮಗುವೊಂದು ಎದುರಿಗೆ ಕುಳಿತರೆ, ಅದರ ಎಲೆಯನ್ನು ನೋಡದೆ ಮುಖ ನೋಡಿ ಮಾತನಾಡಿಸೋಣ.