ನಿಮಗಿದು ಗೊತ್ತೆ? ದೆವ್ವ ದೂರವಿಡಲು ಕೆಂಪು ಗೋಡೆ!

ವೇಲ್ಸ್‌ನ ಈ ರೈತನ ಮನೆಯ ಕಲ್ಲುಗೋಡೆಗೆ ಕಣ್ಣು ಕುಕ್ಕುವ ಕೆಂಪು ಬಣ್ಣ. ಬಳಿದದ್ದು ಅಂದಕ್ಕಲ್ಲ. ಕೆಂಪು ಕಂಡರೆ ದುಷ್ಟಶಕ್ತಿಗಳು ಹತ್ತಿರ ಸುಳಿಯವು ಎಂಬ ನಂಬಿಕೆ!

ಅಷ್ಟಕ್ಕೇ ಧೈರ್ಯ ಸಾಲಲಿಲ್ಲವೇನೋ. ಮುಂಬಾಗಿಲಲ್ಲಿ ಕೆತ್ತಿದ ಆಕೃತಿಗಳಿವೆ. ಕೈತೋಟದಲ್ಲಿ ರೋವನ್ ಮರವಿದೆ. ಅದರ ಗೊಂಚಲು ಗೊಂಚಲು ಕೆಂಪು ಹಣ್ಣುಗಳದ್ದೂ ಕಾವಲು ಕೆಲಸವೇ.

ಮನೆಯ ಹೆಸರು ಕೆನಿಕ್ಸ್ಟನ್. ಹುಟ್ಟೂರು ದಕ್ಷಿಣ ವೇಲ್ಸ್‌ನ ಗೌವರ್ ಪರ್ಯಾಯ ದ್ವೀಪ. ಹಳೆಯ ಭಾಗ ಕಟ್ಟಿದ್ದು 1610ರಲ್ಲಿ: ಕೆಳಗೊಂದು ಕೋಣೆ, ಮೇಲೊಂದು ಮಲಗುವ ಕೋಣೆ. ಹಿಂದಿನ ಅಡುಗೆಮನೆ ಮೊದಲಾದವು ಮುಂದಿನ ಒಂದೂವರೆ ಶತಮಾನದಲ್ಲಿ ಒಂದೊಂದಾಗಿ ಸೇರಿಕೊಂಡವು. ಗೋಡೆ ಕಲ್ಲಿನದಾದರೂ ಚಾವಣಿಗೆ ಹುಲ್ಲಿನದೇ ಹೊದಿಕೆ. ಒಳಗೆ ಒಲೆಯ ಪಕ್ಕದಲ್ಲೇ ಕಪಾಟಿನಂಥ ಪೆಟ್ಟಿಗೆ-ಮಂಚ. ಚಳಿಗಾಲದಲ್ಲಿ ಮನೆಯ ಅತಿ ಬೆಚ್ಚನೆಯ ಜಾಗ ಅದೇ ಆಗಿದ್ದಿರಬೇಕು.

ಇನ್ನೂ ಒಂದು ಸೋಜಿಗ. ಮನೆ ಈಗ ಹುಟ್ಟೂರಲ್ಲಿಲ್ಲ! 1950ರ ದಶಕದಲ್ಲಿ ಅದನ್ನು ಬಿಚ್ಚಿ, ಕಾರ್ಡಿಫ್ ಸಮೀಪದ ಸೇಂಟ್ ಫ್ಯಾಗನ್ಸ್ ಬಯಲು ವಸ್ತುಸಂಗ್ರಹಾಲಯಕ್ಕೆ ತಂದು ಮತ್ತೆ ಜೋಡಿಸಿದರು. ವೇಲ್ಸ್‌ನ ಬೇರೆ ಬೇರೆ ಮೂಲೆಗಳಿಂದ ಹೀಗೆ ಬಂದ ಮನೆ, ಗಿರಣಿ, ಚರ್ಚುಗಳು ಅಲ್ಲಿ ನೆರೆಹೊರೆಯಾಗಿವೆ. ಕೆನಿಕ್ಸ್ಟನ್ ಮನೆಯ ಗೋಡೆಗೆ ಇಂದಿಗೂ ಅದೇ ಕೆಂಪು. ನೋಡಲು ಟಿಕೆಟ್ ಇಲ್ಲ.